ಪತ್ತಾಯಕ್ಕೆ ಬೀಗ: ಒಂದು ಪುಟ್ಟ ಫೈಲ್‌ಸಿಸ್ಟಮ್‌ನ ಮಳೆಗಾಲ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ನಮ್ಮ ಬದಿಯಡ್ಕ, ನೀರ್ಚಾಲು ಕಡೆ ರಾತ್ರಿಗಳು ಖಾಲಿ. 2025ರ ಮಳೆಗಾಲದ ಆ ರಾತ್ರಿಗಳನ್ನು ನಾನು ಒಂದೇ ಕೆಲಸಕ್ಕೆ ಕೊಟ್ಟೆ. ಲಿನಕ್ಸ್ ಕರ್ನಲ್‌ಗೆಂದು, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆಂದು, ನಾನೇ ಬರೆದ ಸಣ್ಣ ಫೈಲ್‌ಸಿಸ್ಟಮ್ ಒಂದಿದೆ: ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕೋಡ್. ಹೆಸರು ಪತ್ತಾಯ. ಅಜ್ಜನ ಮನೆಯಲ್ಲಿ ಭತ್ತ ತುಂಬಿಡುತ್ತಿದ್ದ ದೊಡ್ಡ ಮರದ ಪೆಟ್ಟಿಗೆಯ ಹೆಸರೇ ಅದು. ಅದಕ್ಕೊಂದು ಬೀಗ ಬೇಕಿತ್ತು. ಅಂದರೆ, ಈ ಫೈಲನ್ನು ಯಾರೂ ತಿದ್ದಬಾರದು, ಅಳಿಸಬಾರದು ಎಂದು ಹೇಳುವ ಒಂದು ಫ್ಲ್ಯಾಗ್. ಮತ್ತು ಆ ಫ್ಲ್ಯಾಗನ್ನು ಹೊರಗಿನ ಪ್ರೋಗ್ರಾಂ ಹಾಕುವುದಕ್ಕೆ, ತೆಗೆಯುವುದಕ್ಕೆ ಒಂದು ದಾರಿ.

ಬೀಗ ಯಾಕೆ ಅಂದರೆ, ಊರಿನ ಗ್ರಂಥಾಲಯದಲ್ಲಿ ನಾವು ಕೆಲವರು ಹಳೆ ಯಕ್ಷಗಾನ ಪ್ರಸಂಗಗಳ ಕೈಬರಹದ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿದ್ದೇವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ಈ ಕಡೆಯ ಮನೆಗಳ ಅಟ್ಟದಲ್ಲಿ ಅಂಥ ಪುಸ್ತಕಗಳು ಇನ್ನೂ ಸಿಗುತ್ತವೆ. ಒಬ್ಬರು ನಿವೃತ್ತ ಕನ್ನಡ ಮಾಷ್ಟ್ರು ಪ್ರತಿ ಪುಟ ನೋಡಿ "ಇದು ಸರಿ ಉಂಟು" ಎಂದ ಮೇಲೆ ಆ ಫೈಲ್ ಮತ್ತೆ ಅಲುಗಾಡಬಾರದು. ಅಸಲು ಪ್ರತಿಗಳು ಬೇರೆ ಡಿಸ್ಕಿನಲ್ಲಿ, ಲಿನಕ್ಸ್‌ನ ಮಾಮೂಲಿ ಫೈಲ್‌ಸಿಸ್ಟಮ್ ಆದ ಎಕ್ಸ್ಟ್4 ಮೇಲೆ ಇವೆ. ಪತ್ತಾಯದಲ್ಲಿ ಇಟ್ಟಿದ್ದು ಕೆಲಸದ ಪ್ರತಿ ಮಾತ್ರ. ನನ್ನದೇ ಕೋಡಿನ ಮೇಲೆ ಊರಿನ ಆಸ್ತಿಯನ್ನು ಇಡುವ ಧೈರ್ಯ ನನಗಿಲ್ಲ, ಇರಲೂಬಾರದು.

ಎಕ್ಸ್ಟ್4ನಲ್ಲಿ ಚಾಟ್ರ್ ಕಮಾಂಡ್ ಕೊಟ್ಟರೆ ಬೀಗ ಬೀಳುತ್ತದೆ, ಅಷ್ಟು ಸಾಕಿತ್ತಲ್ವಾ? ಸಾಕಿತ್ತು. ಆದರೆ ಆ ಬೀಗ ಒಳಗೆ ಹೇಗೆ ಕೂರುತ್ತದೆ ಎಂದು ನನಗೆ ತಿಳಿಯಬೇಕಿತ್ತು. ತಿಳಿಯಲು ಕಟ್ಟುವುದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಜೂನ್: ಸ್ವಂತ ಐಒಸಿಟಿಎಲ್

ಮೊದಲು ಕೈಗೆ ಸಿಕ್ಕಿದ್ದು ಐಒಸಿಟಿಎಲ್. ಫೈಲ್ ತೆರೆದು, ಒಂದು ನಂಬರು ಮತ್ತು ಒಂದು ಸ್ಟ್ರಕ್ಟ್ (ಹಲವು ಅಂಕಣಗಳ ಕಟ್ಟು) ಕರ್ನಲ್‌ಗೆ ಕೊಡುವುದು. ನನ್ನ ಸ್ಟ್ರಕ್ಟ್‌ನಲ್ಲಿ ಎರಡೇ ಅಂಕಣ: ಫ್ಲ್ಯಾಗ್‌ಗಳಿಗೆ ಒಂದು ಅನ್‌ಸೈನ್ಡ್ ಲಾಂಗ್, ಯಾವ ಮನೆಯ ಪುಸ್ತಕ ಎಂದು ಗುರುತಿಸುವ ಪ್ರಾಜೆಕ್ಟ್ ನಂಬರಿಗೆ ಒಂದು ಇಂಟ್. ಎರಡೂ ಸಿ ಭಾಷೆಯ ಪೂರ್ಣಾಂಕದ ಬಗೆಗಳು. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯಿತು. ಗ್ರಂಥಾಲಯದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರಲ್ಲಿ ಹಾಕಿದ ಕೂಡಲೇ "ಇನ್‌ಅಪ್ರೋಪ್ರಿಯೇಟ್ ಐಒಸಿಟಿಎಲ್ ಫಾರ್ ಡಿವೈಸ್" ಎಂದಿತು.

ಆ ಪೈಯಲ್ಲಿ ಕರ್ನಲ್ 64 ಬಿಟ್, ಪ್ರೋಗ್ರಾಂಗಳು 32 ಬಿಟ್. 32 ಬಿಟ್ ಪ್ರೋಗ್ರಾಂ ಕೂಗಿದರೆ ಕರ್ನಲ್ ಬೇರೆಯೇ ಬಾಗಿಲಿನಲ್ಲಿ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಕಂಪ್ಯಾಟ್ ಐಒಸಿಟಿಎಲ್ ಎಂದು ಹೆಸರು. ನಾನು ಆ ಬಾಗಿಲು ಇಟ್ಟಿರಲಿಲ್ಲ. ಇಟ್ಟೆ. ಆದರೂ ಅದೇ ಉತ್ತರ. ಒಂದು ಸಂಜೆ ಪೂರ್ತಿ ಹೋದ ಮೇಲೆ ಕಾರಣ ಸಿಕ್ಕಿತು. ಐಒಸಿಟಿಎಲ್ ನಂಬರು ಸುಮ್ನೆ ಒಂದು ನಂಬರಲ್ಲ. ಅದರ 32 ಬಿಟ್‌ಗಳಲ್ಲಿ 14 ಬಿಟ್ ಸ್ಟ್ರಕ್ಟ್‌ನ ಅಳತೆಗೆ ಮೀಸಲು. ಲಾಂಗ್ ಅನ್ನುವುದು 64 ಬಿಟ್‌ನಲ್ಲಿ 8 ಬೈಟ್, 32 ಬಿಟ್‌ನಲ್ಲಿ 4 ಬೈಟ್. ಅಳತೆ ಬೇರೆಯಾದರೆ ನಂಬರೇ ಬೇರೆ. ಪ್ರೋಗ್ರಾಂ ಕೇಳುತ್ತಿದ್ದದ್ದು ಕರ್ನಲ್‌ಗೆ ಗೊತ್ತೇ ಇಲ್ಲದ ನಂಬರನ್ನು.

ಲಿನಕ್ಸ್ ಕೂಡ ಇಲ್ಲೇ ಎಡವಿದೆ ಎಂದು ಆಮೇಲೆ ಗೊತ್ತಾಯಿತು. ಎಕ್ಸ್ಟ್2 ಕಾಲದಿಂದ ಬಂದ, ಚಾಟ್ರ್ ಬಳಸುವ ಗೆಟ್‌ಫ್ಲ್ಯಾಗ್ಸ್, ಸೆಟ್‌ಫ್ಲ್ಯಾಗ್ಸ್ ಐಒಸಿಟಿಎಲ್‌ಗಳ ನಂಬರಿನಲ್ಲಿ ಬರೆದಿರುವ ಅಳತೆ ಲಾಂಗ್‌ನದು. ನಿಜವಾಗಿ ಒಳಗೆ ಹೋಗಿಬರುವುದು ಇಂಟ್. ಒಮ್ಮೆ ಹೊರಗೆ ಬಿಟ್ಟ ನಂಬರನ್ನು ಬದಲಿಸುವ ಹಾಗಿಲ್ಲ, ಹಾಗಾಗಿ 32 ಬಿಟ್‌ಗೆ ಬೇರೆ ನಂಬರು ಇಟ್ಟು ಇವತ್ತಿಗೂ ಸಂಭಾಳಿಸುತ್ತಿದ್ದಾರೆ. ಕರ್ನಲ್ ಇಂಟರ್ಫೇಸ್ ಬರೆಯುವವರು ಲಾಂಗ್ ಮುಟ್ಟಬಾರದು. ಎಷ್ಟು ಬಿಟ್ ಎಂದು ಹೆಸರಿನಲ್ಲೇ ಇರುವ ಟೈಪ್‌ಗಳನ್ನೇ ಹಾಕಬೇಕು. ನಾನೂ ಹಾಗೇ ತಿದ್ದಿದೆ.

ಅಳತೆ ಸರಿಯಾದರೂ ಸ್ಟ್ರಕ್ಟ್ ನಡುವೆ ಖಾಲಿ ಬೈಟುಗಳು ಉಳಿಯಬಹುದು. 4 ಬೈಟಿನ ಅಂಕಣದ ನಂತರ 8 ಬೈಟಿನದು ಬಂದರೆ ಕಂಪೈಲರ್ ನಡುವೆ 4 ಬೈಟ್ ಜಾಗ ಬಿಡುತ್ತದೆ. ಆ ಜಾಗವನ್ನು ಸೊನ್ನೆ ಮಾಡದೆ ಹೊರಗೆ ಕಳಿಸಿದರೆ ಕರ್ನಲ್ ಸ್ಟ್ಯಾಕಿನ (ಅದರ ತಾತ್ಕಾಲಿಕ ಮೆಮೊರಿಯ) ಹಳೆ ಚೂರುಗಳು ಪ್ರೋಗ್ರಾಂ ಕೈಗೆ ಹೋಗುತ್ತವೆ. ದೊಡ್ಡದನ್ನು ಮೊದಲು, ಸಣ್ಣದನ್ನು ಆಮೇಲೆ ಇಟ್ಟರೆ ನಡುವೆ ತೂತು ಉಳಿಯುವುದಿಲ್ಲ.

"ಆಯ್ತು" ಅಂದದ್ದು ಆಗಿರಲಿಲ್ಲ

ಜೂನ್ ಕೊನೆಗೆ ಇನ್ನೊಂದು ಫ್ಲ್ಯಾಗ್ ಸೇರಿಸಿದೆ. ತಿದ್ದಬಹುದು ಆದರೆ ಅಳಿಸಬಾರದು, ಅಂಥದ್ದು. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಮತ್ತು ಮಾಡ್ಯೂಲ್ (ಕರ್ನಲ್ ಒಳಗೆ ಕೂರುವ ಪತ್ತಾಯದ ಕೋಡ್) ಎರಡನ್ನೂ ಹೊಸದು ಮಾಡಿದೆ. ಪೈಗೆ ಪ್ರೋಗ್ರಾಂ ಮಾತ್ರ ಹೋಯಿತು, ಮಾಡ್ಯೂಲ್ ಹಳೆಯದೇ ಉಳಿಯಿತು. ಹಳೆ ಮಾಡ್ಯೂಲಿಗೆ ಆ ಬಿಟ್ ಗೊತ್ತಿಲ್ಲ. ನಾನು ಬರೆದ ಕೋಡ್ ಗೊತ್ತಿಲ್ಲದ ಬಿಟ್‌ಗಳನ್ನು ಒರೆಸಿ, ಉಳಿದದ್ದನ್ನು ಇಟ್ಟುಕೊಂಡು, ಸೊನ್ನೆ ವಾಪಸ್ ಕೊಡುತ್ತಿತ್ತು. ಸೊನ್ನೆ ಅಂದರೆ ಕೆಲಸ ಆಯ್ತು.

ಮಾಷ್ಟ್ರು ಫೋನ್ ಮಾಡಿ "ಬೀಗ ಹಾಕಿ ಆಯ್ತಾ ಮಾರಾಯ?" ಎಂದು ಕೇಳಿದರು. ಪರದೆಯಲ್ಲಿ ಒಂದು ತಪ್ಪೂ ಕಾಣಲಿಲ್ಲ. "ಹೂಂ, ಆಯ್ತು ಮಾಷ್ಟ್ರೇ" ಅಂದೆ. ಆ ಭರವಸೆಯಲ್ಲೇ ಅವರು ಎರಡೆರಡು ಸಲ ಸ್ಕ್ಯಾನ್ ಆದ ಪುಟಗಳನ್ನು ಅಳಿಸಲು ಕೂತರು. ಬೀಗ ಇದ್ದದ್ದು ಹೇಗೂ ಅಳಿಯುವುದಿಲ್ಲ ತಾನೇ? 38 ಪುಟ ಹೋಯಿತು. ಅಸಲು ಡಿಸ್ಕಿನಿಂದ ವಾಪಸ್ ತಂದೆ, ನಷ್ಟವೇನೂ ಆಗಲಿಲ್ಲ. ಆದರೆ ಆ "ಹೂಂ" ನನ್ನನ್ನು ಕೊರೆಯಿತು. ಫೈಲ್‌ಸಿಸ್ಟಮ್ ನನಗೆ ಸುಳ್ಳು ಹೇಳಿತ್ತು, ನಾನು ಅದನ್ನೇ ಮಾಷ್ಟ್ರಿಗೆ ದಾಟಿಸಿದ್ದೆ. ಹಾಗೆ ಸುಳ್ಳು ಹೇಳಲು ಅದಕ್ಕೆ ಕಲಿಸಿದವನೂ ನಾನೇ.

ಅವತ್ತು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ: ಗೊತ್ತಿಲ್ಲದ ಬಿಟ್ ಬಂದರೆ ಎರರ್. ಒಂದು ಬಿಟ್ ಆಗದಿದ್ದರೂ ಯಾವುದನ್ನೂ ಮಾಡಬಾರದು. ಮುಂದಿನ ಕೆಲಸವನ್ನೆಲ್ಲ ಈ ಒಂದು ಸಾಲಿಗೆ ಒರೆಹಚ್ಚಿ ನೋಡಿದ್ದೇನೆ.

ಹಾಗೆ ನೋಡಿದಾಗ ಸ್ವಂತ ಐಒಸಿಟಿಎಲ್ ಯಾಕೆ ಬೇಕು ಅನ್ನಿಸಿತು. ಕರ್ನಲ್ 5.13ರಿಂದ, ಅಂದರೆ 2021ರಿಂದ, ಎಲ್ಲ ಫೈಲ್‌ಸಿಸ್ಟಮ್‌ಗಳ ಮೇಲೆ ಕೂರುವ ವಿಎಫ್‌ಎಸ್ ಪದರವೇ ಈ ಕೆಲಸದ ಮುಕ್ಕಾಲು ಪಾಲನ್ನು ವಹಿಸಿಕೊಂಡಿದೆ. ಫೈಲ್‌ಸಿಸ್ಟಮ್ ಎರಡು ಫಂಕ್ಷನ್ ಕೊಟ್ಟರೆ ಸಾಕು, ಫೈಲ್‌ಆಟ್ರ್ ಗೆಟ್ ಮತ್ತು ಫೈಲ್‌ಆಟ್ರ್ ಸೆಟ್. ಯಾರು ಬೀಗ ಹಾಕಬಹುದು ಎಂಬ ಪರೀಕ್ಷೆ, ಲಾಕ್ ಹಿಡಿಯುವುದು, ಎಕ್ಸ್ಟ್2 ಶೈಲಿಯ ಫ್ಲ್ಯಾಗನ್ನು ಎಕ್ಸ್‌ಎಫ್‌ಎಸ್ ಶೈಲಿಗೆ ತಿರುಗಿಸುವುದು, ಎಲ್ಲ ಮೇಲೆಯೇ ಆಗುತ್ತದೆ. ಎಕ್ಸ್‌ಎಫ್‌ಎಸ್ ಇನ್ನೊಂದು ಫೈಲ್‌ಸಿಸ್ಟಮ್, ಅದರ ಶೈಲಿಯದು ಬೇರೆ ಐಒಸಿಟಿಎಲ್ ಜೋಡಿ. ಅದರಲ್ಲಿ ಫ್ಲ್ಯಾಗ್ ಜೊತೆಗೆ ಪ್ರಾಜೆಕ್ಟ್ ನಂಬರೂ ಇದೆ. 2016ರಲ್ಲಿ ಅದನ್ನು ಎಲ್ಲ ಫೈಲ್‌ಸಿಸ್ಟಮ್‌ಗಳೂ ಬಳಸುವಂತೆ ಮಾಡಿದರು. ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಜಾಣತನ: ಚಾಟ್ರ್‌ಗೆ ಪ್ರಾಜೆಕ್ಟ್ ನಂಬರಿನ ಗೊಡವೆ ಇಲ್ಲದಾಗ, ವಿಎಫ್‌ಎಸ್ ಮೊದಲು ಹಳೆ ಬೆಲೆಗಳನ್ನು ಓದಿ, ಹೇಳದೆ ಬಿಟ್ಟದ್ದನ್ನು ಹಾಗೇ ಉಳಿಸಿಕೊಳ್ಳುತ್ತದೆ.

ನನ್ನ 200 ಸಾಲು ಅಳಿಸಿದೆ. 60 ಸಾಲಾಯಿತು. ಚಾಟ್ರ್, ಫ್ಲ್ಯಾಗ್ ತೋರಿಸುವ ಎಲ್‌ಎಸ್‌ಆಟ್ರ್ ತಾವಾಗಿಯೇ ಪತ್ತಾಯದ ಮೇಲೆ ನಡೆಯತೊಡಗಿದವು. ಅಳಿಸಬಾರದು ಎಂಬ ನನ್ನ ವಿಶೇಷ ಫ್ಲ್ಯಾಗನ್ನು ಕೈಬಿಟ್ಟೆ. ತಿದ್ದಲೂ ಅಳಿಸಲೂ ಬಿಡದ, ಎಲ್ಲರೂ ಬಲ್ಲ ಇಮ್ಯೂಟಬಲ್ ಫ್ಲ್ಯಾಗ್ ಸಾಕು.

ಆಟಿ: ಕರೆಂಟ್ ಹೋದ ರಾತ್ರಿ

ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆಗೆ ಅಡಿಕೆ ಮರ ಲೈನ್ ಮೇಲೆ ಬೀಳುವುದು ಇಲ್ಲಿ ಹೊಸತಲ್ಲ. ಒಂದು ರಾತ್ರಿ ಗ್ರಂಥಾಲಯದ ಇನ್ವರ್ಟರ್ ಕೂಡ ಕೈಕೊಟ್ಟಿತು. ಬೆಳಿಗ್ಗೆ ಪೈ ಮತ್ತೆ ಎದ್ದ ಮೇಲೆ ಎಲ್‌ಎಸ್‌ಆಟ್ರ್ ಹೊಡೆದೆ. ಫ್ಲ್ಯಾಗ್‌ಗಳೆಲ್ಲ ಇದ್ದವು. ಸಮಾಧಾನ ಆಯಿತು. ಆದರೂ ಒಂದು ಖಾಲಿ ಫೈಲಿಗೆ ಬೀಗ ಹಾಕಿ, ಪತ್ತಾಯವನ್ನು ಅನ್‌ಮೌಂಟ್ ಮಾಡಿ (ಕಳಚಿ), ಮತ್ತೆ ಮೌಂಟ್ ಮಾಡಿ (ಜೋಡಿಸಿ), ಅಳಿಸಿ ನೋಡಿದೆ. ಫೈಲ್ ಸದ್ದಿಲ್ಲದೆ ಹೋಯಿತು.

ಎಲ್‌ಎಸ್‌ಆಟ್ರ್ ತೋರಿಸುವುದು ಡಿಸ್ಕಿನಿಂದ ಓದಿ ನಾನು ಇಟ್ಟುಕೊಂಡ ನಕಲನ್ನು. ಅಳಿಸಬೇಕೋ ಬೇಡವೋ ಎಂದು ವಿಎಫ್‌ಎಸ್ ನೋಡುವುದು ಐನೋಡ್‌ನ, ಅಂದರೆ ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಂಡ ಫೈಲಿನ ದಾಖಲೆಯ, ಐಫ್ಲ್ಯಾಗ್ಸ್ ಅನ್ನು. ಬೀಗ ಹಾಕುವಾಗ ನಾನು ಎರಡೂ ಕಡೆ ಬರೆಯುತ್ತಿದ್ದೆ. ಡಿಸ್ಕಿನಿಂದ ಐನೋಡ್ ಎತ್ತುವಾಗ ಒಂದೇ ಕಡೆ. ಹಾಗಾಗಿ ಮೌಂಟ್ ಬದಲಾದ ಕೂಡಲೇ ಬೀಗದ ಚಿತ್ರ ಉಳಿಯುತ್ತಿತ್ತು, ಬೀಗ ಇರುತ್ತಿರಲಿಲ್ಲ. ಈ ಎರಡು ಜಾಗದ ಕೆಲಸವನ್ನು ಒಂದೇ ಫಂಕ್ಷನ್ನಿಗೆ ತಂದೆ. ಬೀಗ ಹಾಕುವಾಗಲೂ ಅದೇ, ಐನೋಡ್ ಎತ್ತುವಾಗಲೂ ಅದೇ. ಎಕ್ಸ್ಟ್4 ಕೋಡಿನಲ್ಲೂ ಇಂಥದ್ದೇ ಒಂದು ಫಂಕ್ಷನ್ ಇದೆ. ಅದು ಯಾಕಿದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಅದೇ ವಾರ ಇನ್ನೊಂದು ಸಿಕ್ಕಿತು. ಬರೆಯಲು ಮೊದಲೇ ತೆರೆದಿಟ್ಟ ಫೈಲಿಗೆ ಬೀಗ ಹಾಕಿದರೆ ಬರೆಯುವುದು ನಿಲ್ಲುತ್ತಿರಲಿಲ್ಲ. ವಿಎಫ್‌ಎಸ್ ಬೀಗ ನೋಡುವುದು ತೆರೆಯುವಾಗ ಮಾತ್ರ. ಸ್ಕ್ಯಾನರ್ ಸ್ಕ್ರಿಪ್ಟ್ ಫೈಲ್ ತೆರೆದುಕೊಂಡು ಕೂತಿದ್ದರೆ, ಬೀಗ ಬಿದ್ದ ಮೇಲೂ ಅದು ಬರೆಯುತ್ತಲೇ ಇರುತ್ತದೆ. ಎಕ್ಸ್ಟ್4 ಕೂಡ ಇದನ್ನು 2019ರಲ್ಲಷ್ಟೇ ಮುಚ್ಚಿತು. ಪ್ರತಿ ಬರಹದ ದಾರಿಯಲ್ಲಿ ಒಂದು ಪರೀಕ್ಷೆ ಇಟ್ಟೆ, ಮೆಮೊರಿಗೆ ಮ್ಯಾಪ್ ಮಾಡಿ ಬರೆಯುವ ದಾರಿಯಲ್ಲಿ ಇನ್ನೊಂದು. ನಾಲ್ಕೇ ಸಾಲು, ಆದರೆ ಇದಿಲ್ಲದೆ ಬೀಗ ಅರ್ಧ ಬೀಗ.

ಸೋಣ: ಹೆಸರಿನಿಂದ ಕರೆಯುವುದು

ಇಷ್ಟಾದ ಮೇಲೆ, ಆಟಿಯ ಮುಂದಿನ ತಿಂಗಳಾದ ಸೋಣದಲ್ಲಿ, ಇಡೀ ಫೋಲ್ಡರಿಗೆ ಒಂದೇ ಸಲ ಬೀಗ ಮತ್ತು ಪ್ರಾಜೆಕ್ಟ್ ನಂಬರು ಹಾಕುವ ಪ್ರೋಗ್ರಾಂ ಬರೆದೆ. ಫೋಲ್ಡರುಗಳ ಮರ ಇಳಿದು ಪ್ರತಿ ಫೈಲನ್ನು ತೆರೆಯುವುದು, ಐಒಸಿಟಿಎಲ್ ಮಾಡುವುದು, ಮುಚ್ಚುವುದು. ಓಡಿಸಿದೆ. ಹತ್ತು ನಿಮಿಷ ಕಾದರೂ ಮುಗಿಯಲಿಲ್ಲ.

ಸಿಕ್ಕಿಬಿದ್ದದ್ದು ಒಂದು ಫೈಫೋದಲ್ಲಿ. ಸ್ಕ್ಯಾನರ್ ಸ್ಕ್ರಿಪ್ಟ್‌ಗಳು ಒಂದಕ್ಕೊಂದು ಸುದ್ದಿ ಕೊಡಲು ಇಟ್ಟಿದ್ದ ಪೈಪ್ ಅದು. ಫೈಫೋವನ್ನು ಓದಲು ತೆರೆದರೆ, ಇನ್ನೊಂದು ತುದಿಯಲ್ಲಿ ಬರೆಯುವವರು ಬರುವ ತನಕ ತೆರೆಯುವುದೇ ಮುಗಿಯುವುದಿಲ್ಲ. ಸಾಕೆಟ್ ಫೈಲನ್ನು ಹಾಗೆ ತೆರೆಯಲು ಬಿಡುವುದೇ ಇಲ್ಲ. ಡಿವೈಸ್ ಫೈಲ್ ತೆರೆದರೆ ಎದ್ದು ಕೂರುವುದು ಡ್ರೈವರ್, ಕೆಲವು ಡ್ರೈವರ್‌ಗಳಲ್ಲಿ ತೆರೆಯುವುದರಿಂದಲೇ ಏನಾದರೂ ಆಗಿಬಿಡಬಹುದು. ನನಗೆ ಬೇಕಿದ್ದದ್ದು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುವುದು. ಅದಕ್ಕೆ ಪೆಟ್ಟಿಗೆ ತೆರೆಯಲೇಬೇಕು ಎಂದು ಇಂಟರ್ಫೇಸ್ ಹಟ ಹಿಡಿಯುತ್ತಿತ್ತು.

ಫೈಫೋಗಳನ್ನು ಬಿಟ್ಟು ಮುಂದೆ ಹೋಗು ಎಂದು ತಿದ್ದಿ ಓಡಿಸಿದೆ. ಮುಗಿಯಿತು. ಮರುದಿನ ಮಾಷ್ಟ್ರು: "ಇದು ಎಂತ ಮಾರಾಯ? ಅಸಲು ಡಿಸ್ಕಿನಲ್ಲಿ ಹೆಸರು ಬದಲಿಸ್ಲಿಕ್ಕೆ ಬಿಡುವುದಿಲ್ಲ."

ಅಸಲು ಡಿಸ್ಕಿನ ಹತ್ತಿರ ನಾನು ಹೋಗಿಯೇ ಇರಲಿಲ್ಲ. ಆದರೆ ಪತ್ತಾಯದಲ್ಲಿ "ಇಂದು ಓದಬೇಕಾದ್ದು" ಎಂಬ ಫೋಲ್ಡರಿದೆ. ಅದರೊಳಗೆ ಅಸಲು ಡಿಸ್ಕಿನ ಫೈಲುಗಳಿಗೆ ಸಿಮ್‌ಲಿಂಕ್‌ಗಳು, ಅಂದರೆ ಬೇರೆ ಫೈಲಿನತ್ತ ಬೆರಳು ತೋರುವ ಫೈಲುಗಳು. ತೆರೆಯುವುದು ಅಂದರೆ ಲಿಂಕ್ ಹಿಡಿದು ಅದರ ಗುರಿಗೆ ಹೋಗುವುದು. ಪ್ರೋಗ್ರಾಂ ನೇರವಾಗಿ ಅಸಲು ಫೈಲುಗಳಿಗೆ ಬೀಗ ಹಾಕಿ, ಎಲ್ಲಕ್ಕೂ ಸೊನ್ನೆ ವಾಪಸ್ ತಂದಿತ್ತು. ಬೇರೆಯವರ ಮನೆಗೆ ಬೀಗ ಹಾಕಿ ಬಂದು "ಆಯ್ತು" ಅಂದ ಹಾಗೆ.

ಲಿಂಕ್ ಹಿಂಬಾಲಿಸಬೇಡ ಎಂದು ಹೇಳಿ ತೆರೆದರೆ ತೆರೆಯುವುದೇ ಇಲ್ಲ. ಓ-ಪಾತ್ ಎಂಬ ಬಗೆಯಲ್ಲಿ ಲಿಂಕನ್ನೇ ಹಿಡಿಯಬಹುದು, ಆದರೆ ಆ ಹಿಡಿಕೆಯ ಮೇಲೆ ಐಒಸಿಟಿಎಲ್ ನಡೆಯುವುದಿಲ್ಲ, "ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್" ಎನ್ನುತ್ತದೆ. ಎರಡು ದಿನ ನಾನಾ ಬಗೆಯಲ್ಲಿ ನೋಡಿದೆ. ಫೈಲ್ ತೆರೆದು ಮಾಡುವ ಇಂಟರ್ಫೇಸಿನಲ್ಲಿ ಸಿಮ್‌ಲಿಂಕ್‌ಗೆ ಫ್ಲ್ಯಾಗ್ ಹಾಕಲು ದಾರಿ ಇಲ್ಲ. ಇದು ನನ್ನೊಬ್ಬನ ತೊಂದರೆಯಲ್ಲ. ಎಕ್ಸ್‌ಎಫ್‌ಎಸ್‌ನಲ್ಲಿ ಫೋಲ್ಡರಿಗೆ ಇಷ್ಟೇ ಜಾಗ ಎಂದು ಪ್ರಾಜೆಕ್ಟ್ ಕೋಟಾ ಹಾಕುವವರಿಗೂ ಇದೇ ಕಾಟ. ಒಳಗಿನ ವಿಶೇಷ ಫೈಲುಗಳಿಗೆ ಪ್ರಾಜೆಕ್ಟ್ ನಂಬರು ಹಾಕಲಾಗದೆ ಅವು ಲೆಕ್ಕದ ಹೊರಗೆ ಉಳಿಯುತ್ತಿದ್ದವು.

ಇನ್ನೊಂದು ಬೇರೆ ಮಾತು, ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗಾಗಿ. ಪತ್ತಾಯದಲ್ಲಿ ಹೆಸರಿಗೆ ಮೊದಲು 60 ಬೈಟ್ ಇಟ್ಟಿದ್ದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ 3 ಬೈಟ್. "ಸ್ತ್ರೀ" ಎಂದು ಬರೆದರೆ ನೋಡಲು ಒಂದಕ್ಷರ, ಒಳಗೆ ಆರು ಚಿಹ್ನೆ, 18 ಬೈಟ್. ಪ್ರಸಂಗದ ಹೆಸರು, ಮನೆಯ ಹೆಸರು ಸೇರಿದರೆ 60 ಎಲ್ಲಿ ಸಾಕಾಗುತ್ತದೆ? ಲಿನಕ್ಸ್‌ನ ಮಾಮೂಲಿ ಮಿತಿ 255ಕ್ಕೆ ಏರಿಸಿದೆ. ಅದೂ 85 ಚಿಹ್ನೆಯಷ್ಟೇ.

6.17 ಬಂತು

ಸೆಪ್ಟೆಂಬರ್ 28ಕ್ಕೆ ಕರ್ನಲ್ 6.17 ಬಿಡುಗಡೆಯಾಯಿತು. ಅದರಲ್ಲಿ ಎರಡು ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್ಲನ್ನು ಕೇಳುವ ಕರೆ): ಫೈಲ್_ಗೆಟ್‌ಆಟ್ರ್ ಮತ್ತು ಫೈಲ್_ಸೆಟ್‌ಆಟ್ರ್. ನಂಬರು 468 ಮತ್ತು 469. ಫೋಲ್ಡರ್, ಹೆಸರು, ಸ್ಟ್ರಕ್ಟ್, ಸ್ಟ್ರಕ್ಟ್‌ನ ಅಳತೆ, ಮತ್ತೆ ಲಿಂಕ್ ಹಿಂಬಾಲಿಸಬೇಕೋ ಬೇಡವೋ ಎಂಬ ಸೂಚನೆ, ಹೀಗೆ ಐದು ಮಾತು ಕೊಡಬೇಕು. ಫೈಲ್ ತೆರೆಯುವುದೇ ಬೇಡ. ಸೋಣದಲ್ಲಿ ನಾನು ಹುಡುಕಿದ್ದು ಇದನ್ನೇ.

ಸ್ಟ್ರಕ್ಟ್ 24 ಬೈಟ್. ಮೊದಲು ಫ್ಲ್ಯಾಗ್‌ಗಳಿಗೆ 64 ಬಿಟ್, ಆಮೇಲೆ 32 ಬಿಟ್‌ನ ನಾಲ್ಕು ಅಂಕಣ. ದೊಡ್ಡದು ಮೊದಲು, ತೂತಿಲ್ಲ. ಹಳೆಯ ಎಕ್ಸ್‌ಎಫ್‌ಎಸ್ ಸ್ಟ್ರಕ್ಟ್ 28 ಬೈಟ್ ಇತ್ತು, ಅದರಲ್ಲಿ ಮುಂದಕ್ಕೆ ಬೇಕಾದೀತು ಎಂದು 8 ಬೈಟ್ ಖಾಲಿ. ಹೊಸದರಲ್ಲಿ ಖಾಲಿ ಜಾಗವೇ ಇಲ್ಲ, ಯಾಕೆಂದರೆ ಅಳತೆಯನ್ನು ಪ್ರತಿ ಸಲ ಜೊತೆಗೇ ಹೇಳುತ್ತೇವೆ. ಮುಂದೆ ಸ್ಟ್ರಕ್ಟ್ ಉದ್ದವಾದರೆ ಹಳೆ ಪ್ರೋಗ್ರಾಂ 24 ಎನ್ನುತ್ತದೆ, ಹೊಸದು 32 ಎನ್ನುತ್ತದೆ. ಕರ್ನಲ್ ಎರಡನ್ನೂ ಅರ್ಥ ಮಾಡಿಕೊಳ್ಳಬಲ್ಲದು.

ಇದನ್ನು ಕ್ಯುಇಎಂಯು ಎಂಬ ವರ್ಚುವಲ್ ಯಂತ್ರದ ಒಳಗೆ ಕೈಯಾರೆ ಪರೀಕ್ಷಿಸಿದೆ. 16 ಬೈಟ್ ಕೊಟ್ಟೆ: "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್". 32 ಕೊಟ್ಟು ಕೊನೆಯ 8 ಬೈಟ್ ಸೊನ್ನೆ ಇಟ್ಟೆ: ಒಪ್ಪಿತು. ಅದೇ 8 ಬೈಟಿನಲ್ಲಿ ಒಂದು ಕಡೆ 1 ಇಟ್ಟೆ: "ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್". ಅಂದರೆ, ನನಗೆ ಗೊತ್ತಿಲ್ಲದ ಏನನ್ನೋ ಕೇಳುತ್ತಿದ್ದೀಯ, ಮಾಡಲಾರೆ. ಗೊತ್ತಿಲ್ಲದ ಫ್ಲ್ಯಾಗ್ ಬಿಟ್ ಹಾಕಿದರೂ ಎರರ್. ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ಮತ್ತೆ ಓದಿದೆ. ಜೂನ್‌ನಲ್ಲಿ 38 ಪುಟ ಹೋದದ್ದು ಈ ಒಂದು ಉತ್ತರ ಇಲ್ಲದ್ದಕ್ಕೆ.

ಪತ್ತಾಯವನ್ನು 6.17ಕ್ಕೆ ಹೊಂದಿಸುವುದು ಕಷ್ಟವಾಗಲಿಲ್ಲ. ಕರ್ನಲ್ ಒಳಗಿನ ಸ್ಟ್ರಕ್ಟ್‌ನ ಹೆಸರು ಬದಲಾಗಿತ್ತು, ಅಷ್ಟೆ. ಸಿಮ್‌ಲಿಂಕ್ ಮೇಲೆ ಓಡಿಸಿದಾಗ ಮಾತ್ರ "ಆಪರೇಷನ್ ನಾಟ್ ಸಪೋರ್ಟೆಡ್" ಬಂತು. ಫೈಲಿಗೆ, ಫೋಲ್ಡರಿಗೆ, ಸಿಮ್‌ಲಿಂಕಿಗೆ, ವಿಶೇಷ ಫೈಲಿಗೆ ಬೇರೆ ಬೇರೆ ಫಂಕ್ಷನ್ ಪಟ್ಟಿ ಇರುತ್ತದೆ. ನಾನು ಮೊದಲ ಎರಡರಲ್ಲಿ ಮಾತ್ರ ಗೆಟ್, ಸೆಟ್ ಸೇರಿಸಿದ್ದೆ. ಈ ಎರರ್ ನೋಡಿ ನನಗೆ ಖುಷಿಯೇ ಆಯಿತು. ಆಗದ್ದನ್ನು ಆಗದು ಎಂದಿತಲ್ಲ. ಉಳಿದ ಎರಡು ಪಟ್ಟಿಗೂ ಸೇರಿಸಿದೆ. ಲಿಂಕ್‌ಗೆ ಬೀಗ ಬಿತ್ತು, ಅಸಲು ಫೈಲ್ ಇದ್ದ ಹಾಗೇ ಇತ್ತು.

ಇನ್ನೂ ಒಂದು ವಿಷಯ ನನಗೆ ಸರಿ ಅನ್ನಿಸಿಲ್ಲ. ಒಂದು ಫ್ಲ್ಯಾಗ್ ಸೇರಿಸಬೇಕಾದರೆ ಮೊದಲು ಗೆಟ್, ಒಂದು ಬಿಟ್ ತಿದ್ದು, ಆಮೇಲೆ ಸೆಟ್. ನಡುವೆ ಇನ್ನೊಬ್ಬರು ಬೇರೆ ಬಿಟ್ ಬದಲಿಸಿದರೆ ನನ್ನ ಸೆಟ್ ಅದನ್ನು ಅಳಿಸಿಬಿಡುತ್ತದೆ. ಕರ್ನಲ್ ಲಾಕ್ ಹಿಡಿಯುವುದು ಸೆಟ್ ಒಳಗೆ ಮಾತ್ರ. 2021ರಲ್ಲಿ 5.12ಕ್ಕೆ ಬಂದ ಮೌಂಟ್_ಸೆಟ್‌ಆಟ್ರ್‌ನಲ್ಲಿ ಹೀಗಿಲ್ಲ. ಅಲ್ಲಿ "ಇವನ್ನು ಹಾಕು", "ಇವನ್ನು ತೆಗೆ" ಎಂದು ಎರಡು ಅಂಕಣ. ಹೇಳದ ಬಿಟ್ ಅಲುಗುವುದಿಲ್ಲ. ಫೈಲುಗಳಿಗೂ ಅದೇ ಬಗೆ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಟ್ರಕ್ಟ್ ಬೆಳೆಯಬಲ್ಲದು, ಹಾಗಾಗಿ ಮುಂದೆ ಸೇರಿಸಲು ಜಾಗವಂತೂ ಇದೆ. ಸದ್ಯಕ್ಕೆ ನನ್ನ ಪ್ರೋಗ್ರಾಂ ಒಂದು ಲಾಕ್ ಫೈಲ್ ಹಿಡಿದು ಕೆಲಸ ಮಾಡುತ್ತದೆ, ಮಾಡಿದ ಮೇಲೆ ಮತ್ತೊಮ್ಮೆ ಓದಿ ತಾಳೆ ನೋಡುತ್ತದೆ.

ಹಳೆ ಕರ್ನಲ್‌ನಲ್ಲಿ 469 ಇಲ್ಲದಿದ್ದರೆ ಪ್ರೋಗ್ರಾಂ ಐಒಸಿಟಿಎಲ್‌ಗೆ ಇಳಿಯುತ್ತದೆ, ಆದರೆ ಮಾಮೂಲಿ ಫೈಲು ಮತ್ತು ಫೋಲ್ಡರುಗಳಿಗೆ ಮಾತ್ರ. ಲಿಂಕ್, ಫೈಫೋ ಎದುರಾದರೆ ಹೆಸರು ಬರೆದಿಟ್ಟುಕೊಂಡು ಮುಂದೆ ಹೋಗುತ್ತದೆ. ಗ್ರಂಥಾಲಯದ ಪೈಯಲ್ಲಿ ಈಗಲೂ 6.12 ಇದೆ, ಅದನ್ನು ಬದಲಿಸಲು ಸ್ಕ್ಯಾನಿಂಗ್ ಮುಗಿಯಬೇಕು.

ದೀಪಾವಳಿಯ ಹಿಂದಿನ ವಾರ ಅಲ್ಲಿ ಓಡಿಸಿದೆ. ಪ್ಲಗ್ ಕಿತ್ತು, ಮತ್ತೆ ಹಾಕಿ, ಬೀಗ ಇದ್ದ ಫೈಲ್ ಅಳಿಸಿ ನೋಡಿದೆ. "ಆಪರೇಷನ್ ನಾಟ್ ಪರ್ಮಿಟೆಡ್". ಮಾಷ್ಟ್ರು ಪಕ್ಕದಲ್ಲೇ ಕೂತಿದ್ದರು.

"ಎಲ್ಲದಕ್ಕೂ ಬೀಗ ಬಿತ್ತಾ?"

"ಇಲ್ಲ ಮಾಷ್ಟ್ರೇ. ನಾಲ್ಕಕ್ಕೆ ಬಿದ್ದಿಲ್ಲ. ಮೂರು ಲಿಂಕ್, ಒಂದು ಪೈಪ್. ಹೆಸರು ಇಲ್ಲಿ ಉಂಟು."

ಅವರು ಕನ್ನಡಕ ಏರಿಸಿ ನಾಲ್ಕೂ ಹೆಸರು ಓದಿದರು. ಪೆನ್ಸಿಲ್ ತೆಗೆದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.